ಕುಣಿಯಲ್ಲಿ ಇಳಿಬಿಟ್ಟ ಕಾಲು

೬ ಜೂನ್ ೨೦೨೪, ಗುರುವಾರ

ಇಂದು ಅಮಾವಾಸ್ಯೆ. ಮಗ ಶಿವಪುತ್ರ ಹಿತ್ತಲ ಶೆಡ್ಡಿನ ಪವರ್‌ಲೂಮುಗಳನ್ನು ನಿಲ್ಲಿಸಿ ಕಾಯಿ ಒಡೆದ. ಮುಂದಿನ ಕೋಣೆಯಲ್ಲಿರುವ ನಮ್ಮ ಮನೆಯವರ ಕೈಮಗ್ಗದ ಮಾತನ್ನು ಯಾರೂ ಎತ್ತಲಿಲ್ಲ. ಇವರು ಸಂಕ್ರಾಂತಿ ಮುಗಿದ ವಾರ ತೀರಿ ಹೋದರು. ಮಗ್ಗದ ಮೇಲಿದ್ದ ಹಾಸುನೂಲನ್ನು ಬಿಚ್ಚಿ ಬೇರೆ ನೇಕಾರರಿಗೆ ಕೊಟ್ಟಾಯಿತು. ಈಗ ಉಳಿದಿರುವುದು ಕಟ್ಟಿಗೆಯ ಚೌಕಟ್ಟು, ಅದರ ಕೆಳಗೆ ನೇಕಾರ ಕಾಲು ಇಳಿಬಿಡುವ ಕುಣಿ.

ನಾನೇ ಒರೆಸಲು ಹೋದೆ. ಕುಣಿಯೊಳಗೆ ಜೇಡ ಕಟ್ಟಿತ್ತು. ಬಾಗಿದರೆ ಕೈ ಎಟುಕಲಿಲ್ಲ. ದಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟೆ. ಮದುವೆಯಾಗಿ ಬನಹಟ್ಟಿಗೆ ಬಂದಾಗಿನಿಂದ ಈ ಮಗ್ಗದ ಮಗ್ಗುಲಲ್ಲಿ ಕುಳಿತು ಕಂಡಿಕೆ ಸುತ್ತಿದವಳು ನಾನು. ನಾನು ನೂಲು ಸುತ್ತಿ ಕೊಟ್ಟರೆ ಇವರು ಅದನ್ನು ಲಾಳಿಗೆ ಹಾಕಿ ಎಸೆಯುತ್ತಿದ್ದರು. ಆದರೂ ಇವರ ಜಾಗದಲ್ಲಿ ಒಂದು ದಿನವೂ ಕುಳಿತಿರಲಿಲ್ಲ. ಕೆಳಗೆ ಕಾಲಿನಿಂದ ತುಳಿಯುವ ಎರಡು ಹಲಗೆಗಳಿವೆ. ಇವರ ಪಾದ ಬೀಳುವ ಕಡೆ ಎರಡೂ ತೆಳ್ಳಗೆ ಸವೆದಿವೆ. ನನ್ನ ಪಾದ ಅಲ್ಲಿ ಹೋಗಿ ಕುಳಿತಿತು.

ಬರೆಯಬೇಕೆನಿಸಿದ್ದು ಇದನ್ನಲ್ಲ. ಯುಗಾದಿಯಿಂದ ನನ್ನ ಎಡಗಾಲು ನೋಯುತ್ತಿದೆ. ಹಾಸಿಗೆಗೆ ಒರಗಿದರೆ ಸಾಕು, ಬೆರಳುಗಳಿಗೆ ಕೆಂಡ ಮುಟ್ಟಿಸಿದಂತಾಗುತ್ತದೆ. ಬೆಳಿಗ್ಗೆಯಿಂದಲೂ ನೋವಿತ್ತು. ಕುಣಿಯಲ್ಲಿ ಕುಳಿತ ಸ್ವಲ್ಪ ಹೊತ್ತಿಗೆ ಅದು ಇಳಿಯಿತು, ಯಾರೋ ಎರಡು ಕೈಯಲ್ಲಿ ಪಾದ ಹಿಡಿದುಕೊಂಡ ಹಾಗೆ. ಬೆಚ್ಚಗಾಯಿತು. ನನಗೆ ಅಳು ಬರಲಿಲ್ಲ.

ನೂಲಿನ ಅಂಗಡಿಯವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟ ಡೈರಿ ಇದು. ಇವರು ಏನೂ ಬರೆಯಲಿಲ್ಲ. ನಾನು ಓದಿದ್ದು ಏಳನೆಯ ಇಯತ್ತೆ. ತಪ್ಪಿದರೆ ನೋಡುವವರು ಯಾರಿದ್ದಾರೆ.

೧೧ ಜೂನ್, ಮಂಗಳವಾರ

ಮತ್ತೆ ಹೋದೆ. ಮತ್ತೆ ನೋವು ಇಳಿಯಿತು.

ಹಾಸಿಗೆಯಲ್ಲಿ ಪಾದ ಬೆಳ್ಳಗೆ ಮೇಣದಂತೆ ಇರುತ್ತದೆ. ಕುಣಿಯಲ್ಲಿ ಕೆಂಪಗೆ ತುಂಬಿ ಬರುತ್ತದೆ. ನಾನು ಹುಚ್ಚಿಯಲ್ಲ. ಇವರು ಎದುರು ಬಂದು ಕೂರುತ್ತಾರೆ ಎಂದು ಹೇಳುತ್ತಿಲ್ಲ. ಆದರೆ ಈ ಮನೆಯಲ್ಲಿ ಬೇರೆಲ್ಲಿಯೂ ನಿಲ್ಲದ ನೋವು ಇವರ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೆ ಏನೆನ್ನಬೇಕು?

೨೨ ಜೂನ್, ಶನಿವಾರ

ಸೊಸೆ ಪೂರ್ಣಿಮಾ ನಸುಕಿನಲ್ಲಿ ನೀರು ತುಂಬಲು ಎದ್ದವಳು ನೋಡಿದಳು.

“ಇಲ್ಯಾಕ ಕುಂತೀರಿ ಅತ್ತಿ?”

“ಗಾಳಿ ಬರತೈತಿ.”

“ಕುಣ್ಯಾಗ ಎಲ್ಲಿ ಗಾಳಿರಿ?”

“ನಿನಗ ಬರೂದಿಲ್ಲ, ನನಗ ಬರತೈತಿ. ನೀ ಹೋಗು, ನಳ ನಿಂತೀತು.”

ಅವಳು ಹೋದಳು. ಒಂದು ಗಳಿಗೆ ಬಾಗಿಲಲ್ಲಿ ನಿಂತು ಹೋದಳು. ಒಳ್ಳೆಯ ಹುಡುಗಿ. ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಎಲ್ಲದಕ್ಕೂ ಉತ್ತರ ಬೇಕು ಅವಳಿಗೆ.

೫ ಜುಲೈ, ಶುಕ್ರವಾರ

ಮಣ್ಣೆತ್ತಿನ ಅಮಾವಾಸ್ಯೆ. ಶಿವಪುತ್ರ ಊಟಕ್ಕೆ ಕುಳಿತಾಗ ಮಾತು ತೆಗೆದ. ಮುಂದಿನ ಕೋಣೆಯ ಕುಣಿ ಮುಚ್ಚಿ ಗಚ್ಚು ಹಾಕಿಸಿದರೆ ನೂಲು, ಸೀರೆ ಇಡಲು ಜಾಗ ಆಗುತ್ತದಂತೆ.

“ನಾ ಸತ್ತ ಮ್ಯಾಲ ಮುಚ್ಚಸು” ಎಂದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಹಾಗೆ ಹೇಳಬಾರದಿತ್ತು. ತಂದೆಯನ್ನು ಕಳೆದುಕೊಂಡವನು ಅವನೂ ಹೌದು. ಆದರೆ ಅವನಿಗೆ ಶೆಡ್ಡಿನ ತುಂಬ ಸದ್ದಿದೆ. ನನಗೆ ಇರುವುದು ಇದೊಂದೇ.

೧೯ ಜುಲೈ, ಶುಕ್ರವಾರ

ಕಿರುಬೆರಳಿಗೆ ತುಳಿಯುವ ಹಲಗೆಯ ಮೊಳೆ ತರಚಿದೆ. ಯಾವಾಗ ತರಚಿತೋ ಗೊತ್ತಾಗಲಿಲ್ಲ. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಅರಿವು ಕಡಿಮೆ ಎಂದು ಹಿಂದೆ ಡಾಕ್ಟರು ಹೇಳಿದ್ದರು. ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದೇನೆ.

ಈಗ ಹಾಸಿಗೆಯಲ್ಲಿ ಒಂದು ತಾಸು ಕೂಡ ಮಲಗಲಾಗುವುದಿಲ್ಲ. ಮಲಗಿದ ಕೂಡಲೇ ಕಾಲು ನನ್ನನ್ನು ಎಬ್ಬಿಸುತ್ತದೆ. ಎದ್ದು ಕುಣಿಗೆ ಹೋಗುತ್ತೇನೆ. ಮಗ್ಗದ ಮುಂದಿನ ಕಟ್ಟಿಗೆಗೆ ತಲೆ ಆನಿಸಿ ಅಲ್ಲಿಯೇ ನಿದ್ದೆ ಹೋಗುತ್ತೇನೆ. ಇವರ ಹೊಟ್ಟೆ ತಾಗಿ ತಾಗಿ ನುಣುಪಾದ ಕಟ್ಟಿಗೆ ಅದು.

ನೋವಿಗೆ ಬೈಯುವುದನ್ನು ಬಿಟ್ಟಿದ್ದೇನೆ. ಅದು ಎಬ್ಬಿಸದಿದ್ದರೆ ನಾನು ಏಳುತ್ತಿದ್ದೆನೆ?

೯ ಆಗಸ್ಟ್, ಶುಕ್ರವಾರ

ಪಂಚಮಿಗೆ ಚಿಮ್ಮಡದಿಂದ ಶಂಕ್ರೆವ್ವಕ್ಕ ಬಂದರು. ಇವರ ಅಕ್ಕ. ತಮ್ಮ ಹೋದ ಮೇಲೆ ಮೊದಲ ಪಂಚಮಿ, ತವರು ತವರೇ ಎಂದು ಬಂದಿದ್ದಾರೆ. ಬಂದವರು ಬಂದ ಹಾಗೆ ಎಲ್ಲರಿಗೂ ಉಂಡಿ ಹಂಚಿದರು.

“ಏನ ಬೇ ಮಂಗಲಾ, ಉಂಡಿ ಮುಟ್ಟಂಗಿಲ್ಲೇನ? ಸಕ್ಕರಿ ಬ್ಯಾನಿ ಮೈಯಾಗ ಐತಿ, ಮಾರಿ ಯಾಕ ಬೇವಿನತೊಪ್ಪಲಾ ಮಾಡಕೊಂಡಿ?”

“ಹಂಗೇನಿಲ್ಲ ಅಕ್ಕಾರ.”

ನನ್ನ ಪಕ್ಕ ಕುಳಿತವರು ಮೂಗು ಎಳೆದರು. ಮತ್ತೊಮ್ಮೆ ಎಳೆದರು. “ಏನೋ ನಾರಾಕತ್ತೈತಿ” ಎಂದು ನನ್ನ ಸೀರೆಯ ಅಂಚು ಎತ್ತಿಯೇ ಬಿಟ್ಟರು. ಬಟ್ಟೆ ಬಿಚ್ಚಿದರು. ಕಿರುಬೆರಳಿನ ತುದಿ ಕಪ್ಪಾಗಿತ್ತು. ಪೂರ್ಣಿಮಾ ಒಲೆಯ ಮುಂದಿನಿಂದ ಓಡಿ ಬಂದಳು.

“ಎಷ್ಟ ದಿನಾ ಆತ್ರಿ ಅತ್ತಿ? ಯಾಕ ಹೇಳಲಿಲ್ಲ?”

ಸೀರೆಯ ಅಂಚು ಎಳೆದು ಪಾದ ಮುಚ್ಚಿದೆ. ಶಂಕ್ರೆವ್ವಕ್ಕ ಸುಮ್ಮನಾದರು. ಅವರು ಸುಮ್ಮನಾದದ್ದನ್ನು ನಾನು ನೋಡಿದ್ದು ಕಡಿಮೆ.

೧೨ ಆಗಸ್ಟ್, ಸೋಮವಾರ

ಜಮಖಂಡಿಯ ಡಾಕ್ಟರಮ್ಮ ಎರಡೂ ಪಾದಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಬಲಗಾಲಿನಲ್ಲಿ ನಾಡಿ ಸಿಕ್ಕಿತು, ಎಡಗಾಲಿನಲ್ಲಿ ಸಿಗಲಿಲ್ಲ. ರಕ್ತ ಒಯ್ಯುವ ನಾಳ ಕಟ್ಟಿದೆ, ಬೆಳಗಾವಿಗೆ ಹೋಗಿ ಅದನ್ನು ತೆರೆಸಿಕೊಳ್ಳಬೇಕು, ಕಾಲು ಕೊಯ್ಯುವುದಿಲ್ಲ, ತೊಡೆಯ ಸಂದಿಯಲ್ಲಿ ಸೂಜಿಯಷ್ಟು ತೂತು ಮಾಡಿ ಒಳಗಿನಿಂದಲೇ ತೆರೆಯುತ್ತಾರೆ ಎಂದರು. ತಡ ಮಾಡಿದರೆ ಕಪ್ಪು ಮೇಲೆ ಏರುತ್ತದೆ. ಆಗ ಮೊಣಕಾಲಿನವರೆಗೆ ತೆಗೆಯಬೇಕಾಗುತ್ತದೆ.

ಬಸ್ಸಿನಲ್ಲಿ ಬರುವಾಗ ನಾನು ಬೇಡ ಎಂದೆ.

“ಯಾಕ ಬ್ಯಾಡ್ರಿ?” ಎಂದಳು ಪೂರ್ಣಿಮಾ.

“ನನಗ ಅಂಥಾ ತ್ರಾಸ ಇಲ್ಲ. ಕುಂತ್ರ ಕಡಿಮಿ ಆಗತೈತಿ.”

“ಬೆರಳು ಕಪ್ಪಾಗೇತ್ರಿ.”

ನಾನು ಕಿಟಕಿಯ ಕಡೆ ತಿರುಗಿದೆ. ಇಲ್ಲಿ ಬರೆಯುತ್ತೇನೆ, ಅವಳಿಗೆ ಹೇಳಲಾರೆ. ಕಾಲು ನೆಟ್ಟಗಾದರೆ ನೋವು ಎಬ್ಬಿಸುವುದಿಲ್ಲ. ನೋವಿಲ್ಲದ ಮೇಲೆ ಕುಣಿಯಲ್ಲಿ ಅದು ಇಳಿಯುವುದೂ ಇಲ್ಲ. ಪಾದ ಹಿಡಿಯಲು ಯಾರು ಬರುತ್ತಾರೆ?

೧೩ ಆಗಸ್ಟ್, ಮಂಗಳವಾರ

ಶಂಕ್ರೆವ್ವಕ್ಕ ಚಿಮ್ಮಡಕ್ಕೆ ಹೋಗದೆ ನಿಂತಿದ್ದಾರೆ. ನಸುಕಿನಲ್ಲಿ ಬಂದು ಮಗ್ಗದ ಬಳಿ, ನಾನು ಕಂಡಿಕೆ ಸುತ್ತುತ್ತಿದ್ದ ಜಾಗದಲ್ಲಿ ಕುಳಿತರು.

“ನಮ್ಮಲ್ಲಿ ಸತ್ತವರನ್ನ ಕುಣ್ಯಾಗ ಕುಂಡರಸ್ತಾರ. ನೀ ಜೀವಂತ ಇದ್ದಾಗ ಬಂದು ಕುಂತೀದಿ.”

ನಾನು ಕುಣಿಯೊಳಗಿನ ಹಲಗೆಗಳನ್ನೇ ನೋಡುತ್ತಿದ್ದೆ.

“ಅಂವಾ ಇಲ್ಲಿ ಅದಾನಂತ ಬರ್ತೀಯಲ್ಲಾ?”

ತಲೆ ಎತ್ತಿ ನೋಡಿದೆ. ಯಾರಿಗೂ ಹೇಳಿರಲಿಲ್ಲ. ಅವರ ಕಣ್ಣಲ್ಲಿ ನೀರಿರಲಿಲ್ಲ, ನಗುವೂ ಇರಲಿಲ್ಲ.

“ಇರಲಿ ಬಿಡು, ಅದಾನ ಅಂತ ತಿಳಿ. ಆದ್ರ ಕಾಲ ಹೋತಂದ್ರ ಕುಣ್ಯಾಗ ಏನ ಇಳಿಬಿಡ್ತಿ ಬೇ? ಕೊರಡಿನಂಥಾ ಮೊಣಕಾಲಾ?”

ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಇವರು ಹೋದ ಮೇಲೆ ಬಂದ ಮೊದಲ ನಗು ಇರಬೇಕು. ಅಕ್ಕನ ಮಾತು ಖರೆ. ಕುಣಿಗೆ ಕಾಲು ಬೇಕು. ಅದಕ್ಕಾದರೂ ಕಾಲು ಉಳಿಯಬೇಕು.

ಬೆಳಗಾವಿಗೆ ಬರುತ್ತೇನೆ ಎಂದು ಪೂರ್ಣಿಮಾಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ಮೋಸ ಮಾಡಿದಂತೆ ಅನಿಸಿತು.

೧೭ ಆಗಸ್ಟ್, ಶನಿವಾರ. ಬೆಳಗಾವಿ

ಆಸ್ಪತ್ರೆಯಲ್ಲಿ ಹೆಸರು ಬರೆಯುವವಳು ಗಂಡನ ಹೆಸರು ಕೇಳಿದಳು. ನಾನು ಪೂರ್ಣಿಮಾಳ ಮುಖ ನೋಡಿದೆ. “ನೀಲಕಂಠ” ಎಂದಳು ಅವಳು. ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ದಿನವಾಗಿತ್ತು. ಬರೆಯುವವಳು ಇನ್ನೊಮ್ಮೆ ಕೇಳಲಿ ಅನಿಸಿತು. ಅವಳು ಕೇಳಲಿಲ್ಲ.

ಡಾಕ್ಟರರ ಹೆಸರು ಸಿದ್ಧಾರ್ಥ. ಶಿವಪುತ್ರನಷ್ಟೇ ವಯಸ್ಸು. “ನಾನೂ ನಿಮ್ಮ ಕಡಿಯಾಂವ ಅವ್ವಾರ, ಸಾವಳಗಿಯಾಂವ” ಎಂದರು. ಪಾದಕ್ಕೆ ತಣ್ಣನೆಯ ಲೋಳೆ ಹಚ್ಚಿ ಡಾಪ್ಲರ್ ಎಂಬ ಪೆನ್ನಿನಂಥದ್ದನ್ನು ಇಟ್ಟರು. ಬಲಗಾಲಿನಲ್ಲಿ ಜೋರಾಗಿ ಸದ್ದು ಬಂತು. ಎಡಗಾಲಿನಲ್ಲಿ ಅಲ್ಲಿ ಇಲ್ಲಿ ಹುಡುಕಿದರೂ ಬರಲಿಲ್ಲ. ಅಡ್ಡಾಡಿದರೆ ಮೀನಖಂಡ ಬಿಗಿಯುತ್ತದೆಯೆ, ನಿಂತರೆ ಬಿಡುತ್ತದೆಯೆ ಎಂದು ಕೇಳಿದರು. ಬಹಳ ವರ್ಷಗಳಿಂದ ಹಾಗೆಯೇ ಎಂದೆ. ಆಮೇಲೆ ಇನ್ನೊಂದು ಮಾತು ಕೇಳಿದರು.

“ಮಲಗಿದ್ರ ನೋವು ಹೆಚ್ಚು, ಕಾಲು ಕೆಳಗ ಇಳಿಬಿಟ್ರ ಕಡಿಮಿ. ಹೌದಲ್ರಿ?”

ನಾನು ಎದ್ದು ಕುಳಿತೆ. “ನಿಮಗ ಯಾರು ಹೇಳಿದ್ರು?”

“ಯಾರ ಹೇಳಬೇಕ್ರಿ? ಈ ಬ್ಯಾನಿ ಇದ್ದವರಿಗೆಲ್ಲಾ ಹಂಗ. ನಾಳ ಕಟ್ಟೈತಿ, ಮಲಗಿದಾಗ ಬೆರಳತನಾ ರಕ್ತ ಮುಟ್ಟೂದಿಲ್ಲ. ಇಳಿಬಿಟ್ರ ಇಳಜಾರಿಗೆ ನೀರ ಹರಿದಂಗ ಒಂದೀಟು ಇಳಿತೈತಿ. ಅದಕ್ಕ ಕೆಂಪಗ ಆಗತೈತಿ, ಬೆಚ್ಚಗ ಅನಸತೈತಿ. ಅಷ್ಟ.”

ಅಷ್ಟೇ ಎಂದರು. ತಪ್ಪಾಗಿ ಏನೂ ಹೇಳಲಿಲ್ಲ ಅವರು. ಪೂರ್ಣಿಮಾ ನನ್ನ ಕಡೆ ನೋಡುತ್ತಿದ್ದಳು. ಅವಳಿಗೆ ಉತ್ತರ ಸಿಕ್ಕಿತ್ತು.

೧೮ ಆಗಸ್ಟ್, ಭಾನುವಾರ. ಬೆಳಗಾವಿ

ಎದುರಿನ ಮಂಚದಲ್ಲಿ ಬೀಳಗಿಯ ಗೂಳಪ್ಪ ಎಂಬವರಿದ್ದಾರೆ. ಅವರಿಗೂ ಇದೇ ಕಾಯಿಲೆ. ಒಂದು ಕಾಲು ಹೋದ ವರ್ಷವೇ ಹೋಗಿದೆಯಂತೆ. ಉಳಿದದ್ದನ್ನು ಮಂಚದಿಂದ ಇಳಿಬಿಟ್ಟು ಮಲಗುತ್ತಾರೆ.

“ಹಿಂಗ ಇಳಿಬಿಟ್ರ ನಿದ್ದಿ ಬರತೈತಿ ನೋಡವಾ” ಎಂದರು ನನಗೆ.

ಅವರ ಹೆಂಡತಿ ನೆಲದ ಮೇಲೆ ಕುಳಿತು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. “ಅಷ್ಟ ಇಳಿಬಿಟ್ಟು ನನ್ನ ತೊಡಿ ಜೋಮ ಹಿಡಿಸ್ಯಾನ” ಎಂದು ಗಂಡನನ್ನು ಬೈದಳು. ಜೀವಂತ ಹೆಂಡತಿ. ಅವರ ನೋವು ಇಳಿಯಲು ಯಾವ ಮಗ್ಗವೂ ಬೇಕಿಲ್ಲ.

ನಾನೂ ಮಂಚದಿಂದ ಕಾಲು ಇಳಿಬಿಟ್ಟು ಕುಳಿತೆ. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಕುಣಿಯಲ್ಲಿ ಆಗುತ್ತಿದ್ದ ಹಾಗೆಯೇ. ಒಂದು ಗುಂಜಿಯಷ್ಟೂ ಕಡಿಮೆಯಿಲ್ಲ.

ಇವರು ಇಲ್ಲಿಗೆ ಬಂದಿರಲಿಲ್ಲ. ಅಲ್ಲಿಗೂ ಬಂದಿರಲಿಲ್ಲ.

೨೦ ಆಗಸ್ಟ್, ಮಂಗಳವಾರ

ನಾಳೆ.

೨೨ ಆಗಸ್ಟ್, ಗುರುವಾರ. ಬೆಳಗಾವಿ

ನಿನ್ನೆ ಆಯಿತು. ಬರೆದು ಇಡುತ್ತೇನೆ.

ನನ್ನ ಭಯ ಸೂಜಿಯದ್ದಲ್ಲ. ಅಂಗಾತ ಮಲಗುವುದರದ್ದು. ಮೇಜಿನ ಮೇಲೆ ಮಲಗಿಸಿದ ಕೂಡಲೇ ಪಾದ ಉರಿಯಲು ಶುರುವಾಯಿತು. ಇಳಿಬಿಡಲು ಇಲ್ಲ, ಅಲುಗಾಡಲು ಇಲ್ಲ. ನೋವಿಗೆ ಔಷಧ ಕೊಟ್ಟರು, ಆದರೂ ಎಲ್ಲೋ ಆಳದಲ್ಲಿ ಉರಿ ಇದ್ದೇ ಇತ್ತು. ತೊಡೆಯ ಸಂದಿಯಲ್ಲಿ ಮರಗಟ್ಟಿಸಿದರು. ಎಚ್ಚರವಿದ್ದೆ. ಏನೋ ಒತ್ತಿದ್ದು ಗೊತ್ತಾಯಿತು, ನೋವಾಗಲಿಲ್ಲ.

“ಟಿವಿ ನೋಡ್ರಿ ಅವ್ವಾರ, ನಿಮ್ಮದ ಸಿನಿಮಾ” ಎಂದರು ಡಾಕ್ಟರು.

ಪರದೆಯ ಮೇಲೆ ನನ್ನ ಕಾಲು. ಔಷಧ ಬಿಟ್ಟಾಗ ಕಾಲೊಳಗೆ ಬಿಸಿ ಹರಿಯಿತು, ಪರದೆಯ ಮೇಲೆ ಕಪ್ಪು ಗೆರೆ ಹರಿಯಿತು. ಮೊಣಕಾಲು ದಾಟಿ ಒಂದು ಬೆರಳಿನಷ್ಟು ಹೋಗಿ ನಿಂತಿತು. ಅಲ್ಲಿಂದ ಕೆಳಗೆ ಏನೂ ಇಲ್ಲ. ಬಿಳಿ. ಅಷ್ಟು ದೂರ ಬಂದು ನಿಂತುಬಿಟ್ಟಿದ್ದು ನೋಡಿ ನನಗೆ ಪಾಪ ಅನಿಸಿತು. ನನ್ನದೇ ರಕ್ತ, ಆದರೂ.

ಕೂದಲಿನಂಥ ತಂತಿಯನ್ನು ಒಳಗೆ ಬಿಟ್ಟರು. ಅದು ಹೋಗಿ ಹೋಗಿ ಕಟ್ಟಿದ ಕಡೆ ತಾಗಿ ಹಿಂದೆ ಬರುತ್ತಿತ್ತು. ಮತ್ತೆ ಹೋಗುತ್ತಿತ್ತು. ಡಾಕ್ಟರು ಮಾತು ನಿಲ್ಲಿಸಿದ್ದರು. ಎಷ್ಟು ಹೊತ್ತಾಯಿತೋ. ಅದು ದಾಟದಿದ್ದರೆ ಬೇರೆ ದಾರಿ ಕಡಿಮೆ ಎಂದು ಮೊದಲೇ ಹೇಳಿದ್ದರು. ದಾಟಲಿ ಅನಿಸಿತೋ ಬೇಡ ಅನಿಸಿತೋ ನನಗೆ ನೆನಪಿಲ್ಲ. ದಾಟಿತು. ಅದರ ಮೇಲಿಂದ ಬಲೂನಿನಂಥ ಸಣ್ಣ ಫುಗ್ಗಾ ಕಳಿಸಿ ಒಳಗೆ ಊದಿದರು. ಊದಿದಾಗ ಮೀನಖಂಡ ಹಿಂಡಿದಂತಾಯಿತು. ಊದಿದರು, ಇಳಿಸಿದರು, ಇನ್ನೂ ಕೆಳಗೆ ಹೋಗಿ ಊದಿದರು.

ಮತ್ತೆ ಔಷಧ ಬಿಟ್ಟರು. ಕಪ್ಪು ಗೆರೆ ನಿಂತ ಕಡೆ ನಿಲ್ಲಲಿಲ್ಲ. ಕೆಳಗೆ ಇಳಿಯಿತು, ಕವಲೊಡೆಯಿತು, ಹಿಮ್ಮಡಿಯವರೆಗೂ ಹೋಯಿತು.

ಆಗ ಪಾದ ಬೆಚ್ಚಗಾಯಿತು. ಅಂಗಾತ ಮಲಗಿದ್ದೆ. ಮೇಲೆ ದೀಪವಿತ್ತು, ಸುತ್ತ ಹಸಿರು ಬಟ್ಟೆಯ ಅಪರಿಚಿತರಿದ್ದರು. ಅದೇ ಬಿಸಿ. ಎರಡು ಕೈಯಲ್ಲಿ ಹಿಡಿದಂಥ ಅದೇ ಬಿಸಿ. ನಾನು ಅತ್ತೆ.

“ನೋವಾತೇನ್ರಿ ಅವ್ವಾರ?”

“ಇಲ್ರಿ. ನೋವು ಹೋತು.”

“ಮತ್ತ ಛಲೋ ಆತಲ್ರಿ” ಎಂದರು.

೨೫ ಆಗಸ್ಟ್, ಭಾನುವಾರ

ಮನೆಗೆ ಬಂದೆವು. ಶಂಕ್ರೆವ್ವಕ್ಕ ಬಾಗಿಲಲ್ಲಿಯೇ ಸೀರೆ ಎತ್ತಿ ಪಾದ ಮುಟ್ಟಿ ನೋಡಿದರು.

“ಬೆಚ್ಚಗೈತಿ. ಕಾಲಾಗ ಫುಗ್ಗಾ ಊದಿದ್ರಂತ, ಎಲ್ಲೆ, ಉಬ್ಬೇ ಇಲ್ಲಲ್ಲ.”

“ತಗದ ಬಿಟ್ರ ಅಕ್ಕಾರ.”

“ತಗದ್ರ? ಊದಿದ್ದು ದಂಡ.”

ಪೂರ್ಣಿಮಾ ನಕ್ಕಳು, ಶಿವಪುತ್ರ ನಕ್ಕ. ನಾನೂ ಸೇರಿಕೊಂಡೆ. ಮಲಗುವ ಹೊತ್ತಾಗಲಿ ಎಂದು ಕಾಯುತ್ತಿದ್ದೆ.

೨೬ ಆಗಸ್ಟ್, ಸೋಮವಾರ

ನೋವು ಎಬ್ಬಿಸಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು.

ಎದ್ದು ಕುಣಿಗೆ ಹೋಗಿ ಕುಳಿತೆ. ಕಾಲು ಇಳಿಬಿಟ್ಟೆ. ಏನೂ ಆಗಲಿಲ್ಲ. ಬೆಚ್ಚಗಿದ್ದದ್ದು ಬೆಚ್ಚಗೇ ಇತ್ತು. ಕಟ್ಟಿಗೆ, ಮಣ್ಣು, ಎರಡು ಹಲಗೆ.

ಇವರು ಹೋದದ್ದು ಸಂಕ್ರಾಂತಿಯಲ್ಲಲ್ಲ ಅನಿಸಿತು. ನಿನ್ನೆ ಹೋದರು.

೧೮ ಸೆಪ್ಟೆಂಬರ್, ಬುಧವಾರ

ಕಿರುಬೆರಳಿನ ತುದಿಯನ್ನು ತೆಗೆದರು. ಅದು ಮೊದಲೇ ಸತ್ತಿತ್ತು. ಉಳಿದ ಗಾಯ ಕೆಂಪಗೆ ತುಂಬಿ ಬರುತ್ತಿದೆ. ಎಲ್ಲರಿಗೂ ಸಂತೋಷ.

ರಕ್ತ ಹೆಪ್ಪುಗಟ್ಟದಂತೆ ಮಾತ್ರೆಗಳಿವೆ. ತಪ್ಪಿಸಿದರೆ ನಾಳ ಮತ್ತೆ ಕಟ್ಟುತ್ತದೆ ಎಂದು ಸಿದ್ಧಾರ್ಥ ಡಾಕ್ಟರು ಹೇಳಿ ಕಳಿಸಿದ್ದಾರೆ. ಮತ್ತೆ ಕಟ್ಟುತ್ತದೆ ಎಂದಾಗ ಪೂರ್ಣಿಮಾ ಹೆದರಿದಳು. ನಾನು ಆ ಮಾತನ್ನು ಎತ್ತಿಟ್ಟುಕೊಂಡು ಬಂದಿದ್ದೇನೆ.

೬ ಅಕ್ಟೋಬರ್, ಭಾನುವಾರ

ಕುಣಿಯಲ್ಲಿ ಇವರಿಲ್ಲ ಎಂದು ತಿಳಿದಿದೆ. ಡಾಕ್ಟರು ಹೇಳಿದ್ದು ತಿಳಿದಿದೆ, ಗೂಳಪ್ಪನವರನ್ನು ನೋಡಿದ್ದೇನೆ. ಆದರೂ ಆ ತಿಂಗಳುಗಳಲ್ಲಿ ನನಗೆ ಹೋಗಲು ಒಂದು ಜಾಗವಿತ್ತು. ಸುಳ್ಳೇ ಇರಲಿ, ಪಾದ ಹಿಡಿಯುವವರು ಇದ್ದರು. ಈಗ ಮಲಗುತ್ತೇನೆ, ಏಳುತ್ತೇನೆ. ನೋವು ಬರುತ್ತದೆಯೇನೋ ಎಂದು ಬೆರಳುಗಳ ಕಡೆ ಮನಸ್ಸಿಟ್ಟು ಮಲಗಿರುತ್ತೇನೆ.

ಈ ವಾರ ಮಾತ್ರೆ ನುಂಗುತ್ತಿಲ್ಲ. ನಾಲಿಗೆಯ ಕೆಳಗೆ ಇಟ್ಟುಕೊಂಡು, ಪೂರ್ಣಿಮಾ ಆಚೆ ಹೋದ ಮೇಲೆ ಕುಣಿಯಲ್ಲಿ ಹಾಕುತ್ತೇನೆ.

೧೭ ಅಕ್ಟೋಬರ್, ಗುರುವಾರ

ಹುಣ್ಣಿಮೆ ಎಂದು ಪೂರ್ಣಿಮಾ ಮುಂದಿನ ಕೋಣೆ ಗುಡಿಸಿದಳು. ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಕಸಬರಿಗೆಯ ಸದ್ದು ನಿಂತಿತು. ಬಹಳ ಹೊತ್ತು ಮತ್ತೆ ಶುರುವಾಗಲಿಲ್ಲ. ಎದ್ದು ಹೋಗಿ ನೋಡಿದೆ.

ಅವಳು ಕುಣಿಯ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಅಂಗೈಯಲ್ಲಿ ಮಾತ್ರೆಗಳು, ಮಣ್ಣು ಹತ್ತಿದ್ದವು.

“ನಾ ಇಲ್ಲಿ ಕುಂತು ನೋಡಿದೆರಿ ಅತ್ತಿ. ನನಗೇನೂ ಅನಸಲಿಲ್ಲ.”

“ನಿನಗ ಹೆಂಗ ಅನಸತೈತಿ.”

“ಮಾವಾರು ಇಲ್ಲಿ ಅದಾರಂತ ನಿಮಗ ಅನಸತಿತ್ತಲ್ಲಾ? ಅವತ್ತ ಬೆಳಗಾವ್ಯಾಗ ಡಾಕ್ಟರು ಹೇಳಿದಾಗ ನಿಮ್ಮ ಮಾರಿ ನೋಡಿ ತಿಳಿತು. ಹಂಗ ಹೇಳಬಾರದಿತ್ತು ಅಂವ.”

“ಖರೇದ ಹೇಳ್ಯಾನ, ಪಾಪ.”

ಅವಳು ಅಂಗೈ ನೋಡುತ್ತಲೇ ಇದ್ದಳು. “ನೀವು ಇದನ್ನ ನುಂಗಲಿಲ್ಲಂದ್ರ ನಾ ಯಾರಿಗೆ ಅತ್ತಿ ಅನ್ನಲಿ? ನಮ್ಮವ್ವ ಹ್ವಾದ ಮ್ಯಾಲ ನನಗ ಕರಿಯಾಕ ಇರೂದು ನೀವೊಬ್ಬರ.”

ಅಕ್ಕಿಯ ಮೊರ ಇನ್ನೂ ನನ್ನ ಕೈಯಲ್ಲಿಯೇ ಇತ್ತು. ಅದನ್ನು ಕೆಳಗಿಟ್ಟು ಅವಳ ಮಗ್ಗುಲಲ್ಲಿ, ಕಂಡಿಕೆ ಸುತ್ತುವ ನನ್ನ ಜಾಗದಲ್ಲಿ ಕುಳಿತೆ. ಹಿತ್ತಲಿನಿಂದ ಪವರ್‌ಲೂಮಿನ ಸದ್ದು ಬರುತ್ತಿತ್ತು.

“ಶಿವಪುತ್ರಗ ಹೇಳಬ್ಯಾಡ” ಎಂದೆ ಕೊನೆಗೆ.

“ಹೇಳೂದಿಲ್ಲ. ಆದ್ರ ಎರಡು ಮಾತು ಕೇಳಬೇಕು. ಒಂದು, ಇನ್ನ ಮ್ಯಾಲ ನನ್ನ ಮುಂದ ನುಂಗಿ ಬಾಯಿ ತಗದು ತೋರಸಬೇಕು. ಇನ್ನೊಂದು, ಸಂಜಿಕ ನನ್ನ ಜೋಡಿ ಅಡ್ಡ್ಯಾಡಾಕ ಬರಬೇಕು. ಡಾಕ್ಟರು ನಡೀರಿ ಅಂದಾರ.”

ಕೂಡಲೇ ಎದ್ದು ಹೊಸ ಮಾತ್ರೆ, ನೀರು ತಂದಳು. ನುಂಗಿದೆ.

“ಆ ಅನ್ರಿ. ನಾಲಿಗಿ ಎತ್ತರಿ.”

“ನಾ ಏನ ಸಣ್ಣ ಹುಡುಗೀನ?”

“ಸಣ್ಣ ಹುಡುಗ್ಯಾರು ನಿಮ್ಮಷ್ಟ ಕಳ್ಳತನಾ ಮಾಡೂದಿಲ್ರಿ. ಎತ್ತರಿ.”

೨೫ ಅಕ್ಟೋಬರ್, ಶುಕ್ರವಾರ

ಪೂರ್ಣಿಮಾ ನಡೆಯುವಾಗ ಬಹಳ ಮಾತಾಡುತ್ತಾಳೆ. ಶಾಲೆಯ ಹೆಡ್‌ಮಾಸ್ತರರು, ಅವರ ಕೊಡೆ, ಭಿನ್ನರಾಶಿ ಬಾರದ ಹುಡುಗಿಯರು. ಕುರುಬರ ಮನೆಯ ಮುಂದೆ ಒಂದು ಮುಧೋಳ ನಾಯಿ ಕಟ್ಟಿದ್ದಾರೆ, ಕಡ್ಡಿಯಂಥ ಕಾಲು. “ಇದಕ್ಕೂ ಡಾಪ್ಲರ್ ಹಚ್ಚಿ ನೋಡಬೇಕ್ರಿ” ಎಂದಳು.

ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಮಾಡಿದೆ. ಇವಳಿಗೆ ಬೆಳ್ಳುಳ್ಳಿ ಹೆಚ್ಚು ಬೇಕು.

೩ ನವೆಂಬರ್, ಭಾನುವಾರ

ದೀಪಾವಳಿ ಮುಗಿಯಿತು. ಮುಂದಿನ ಕೋಣೆಯಲ್ಲಿ ನೂಲಿನ ಚೀಲ ಇಡಲು ಜಾಗ ಸಾಲುತ್ತಿರಲಿಲ್ಲ. ಕತ್ತಲೆಯಲ್ಲಿ ಯಾರಾದರೂ ಕಾಲು ಜಾರಿ ಬಿದ್ದಾರು, ಕುಣಿಯ ಮೇಲೆ ಹಲಗೆ ಹಾಕು ಎಂದು ಶಿವಪುತ್ರನಿಗೆ ಹೇಳಿದೆ. ಹಾಕಿದ. ಅವರ ಮಗ್ಗವನ್ನು ಬಿಚ್ಚಲಿಲ್ಲ, ಗೋಡೆಗೆ ಸರಿಸಿ ಇಟ್ಟಿದ್ದಾನೆ.

ಗಾಯ ಮುಚ್ಚಿದೆ.

೧೪ ನವೆಂಬರ್, ಗುರುವಾರ

ಇಂದು ರಬಕವಿಯವರೆಗೆ ನಡೆದೆವು. ಇಷ್ಟು ದೂರ ಹೋಗುವ ಮನಸ್ಸಿರಲಿಲ್ಲ. ಪೂರ್ಣಿಮಾ ಒಂದು ಕಥೆ ಹೇಳುತ್ತಿದ್ದಳು, ಅದು ಮುಗಿಯಲಿಲ್ಲ, ನಾವೂ ನಿಲ್ಲಲಿಲ್ಲ. ಅಲ್ಲಿ ಚಹಾ ಕುಡಿದೆವು. ಸಕ್ಕರೆ ಹಾಕಬೇಡಿ ಎಂದು ಅಂಗಡಿಯವನಿಗೆ ಅವಳೇ ಹೇಳಿದಳು.

ಚಹಾದ ಲೋಟ ಹಿಡಿದಾಗ ನೆನಪಾಯಿತು. ಬನಹಟ್ಟಿಯಿಂದ ಇಲ್ಲಿಗೆ ಎಷ್ಟೋ ವರ್ಷಗಳಿಂದ ಒಂದು ಸಲವೂ ನಾನು ನಿಲ್ಲದೆ ಬಂದಿರಲಿಲ್ಲ. ನಮ್ಮ ಮನೆಯವರ ಸಂಗಡ ಬರುವಾಗ ಅವರು ಮುಂದೆ, ನಾನು ಹಿಂದೆ. ನಡುದಾರಿಯಲ್ಲಿ ನನ್ನ ಮೀನಖಂಡ ಬಿಗಿಯುತ್ತಿತ್ತು. ವಯಸ್ಸಾಯಿತು ಎಂದುಕೊಂಡು ನಿಲ್ಲುತ್ತಿದ್ದೆ. ಕರೆಯುತ್ತಿರಲಿಲ್ಲ. ನನ್ನ ಚಪ್ಪಲಿಯ ಸದ್ದು ನಿಂತರೆ ಅವರೂ ನಿಲ್ಲುತ್ತಿದ್ದರು. ತಿರುಗಿ ನೋಡುತ್ತಿರಲಿಲ್ಲ. ಸೈಕಲ್ ಅಂಗಡಿಯ ಬೋರ್ಡು ಓದುವವರಂತೆ ನಿಲ್ಲುತ್ತಿದ್ದರು. ನೂರು ಸಲ ಓದಿದ ಬೋರ್ಡು. ನನ್ನ ಕಾಲು ಬಿಟ್ಟು, ನಾನು ಹೆಜ್ಜೆ ಇಟ್ಟ ಸದ್ದು ಕೇಳಿದ ಮೇಲೆ ಅವರೂ ಹೊರಡುತ್ತಿದ್ದರು. ಹೆಂಡತಿಗಾಗಿ ನಿಂತಿದ್ದಾರೆ ಎಂದು ರಸ್ತೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇಂದು ಆ ಅಂಗಡಿಯನ್ನು ಕಥೆ ಕೇಳುತ್ತ ದಾಟಿ ಬಂದಿದ್ದೆ.

ಹೊರಳಿ ಬರುವಾಗ ಅಲ್ಲಿ ನಿಂತೆ. ಪೂರ್ಣಿಮಾ ನಾಲ್ಕು ಹೆಜ್ಜೆ ಮುಂದೆ ಹೋದವಳು ತಿರುಗಿ ನೋಡಿ ಓಡಿ ಬಂದಳು.

“ನೋಯಾಕತ್ತೈತೇನ್ರಿ?”

“ಇಲ್ಲ.”

“ಮತ್ತ ಯಾಕ ನಿಂತ್ರಿ?”

“ಸುಮ್ಮನ. ಒಂದೀಟು ತಡಿ.”

ಅವಳು ನನ್ನ ಮಗ್ಗುಲಲ್ಲಿ ನಿಂತಳು. ನಾನು ಆ ಬೋರ್ಡನ್ನು ಪೂರ್ತಿ ಓದಿದೆ. ಸೈಕಲ್ಲು, ಪಂಕ್ಚರು, ಬಾಡಿಗೆಗೆ ಗಾಳಿ ಪಂಪು. ಕೆಳಗೆ ಒಂದು ಫೋನ್ ನಂಬರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು.

ಆಮೇಲೆ ಹೊರಟೆವು. ಈ ರಸ್ತೆಯಲ್ಲಿ ನಾನು ಯಾವಾಗಲೂ ಅವರ ಬೆನ್ನನ್ನಷ್ಟೇ ನೋಡುತ್ತ ನಡೆದವಳು. ಇಂದು ಮುಂದೆ ಬೆನ್ನಿರಲಿಲ್ಲ. ರಸ್ತೆ ಬನಹಟ್ಟಿಯವರೆಗೂ ನೇರವಾಗಿ ಕಾಣುತ್ತಿತ್ತು.